ಮ್ಯಾಟಿನ ಅಡಿಯ ನೀರು

ಮುಳ್ಳಿಕಟ್ಟೆಯ ಹತ್ತಿರ ಎದುರಿಗೆ ಬಸ್ಸು ಬಂತೆಂದು ಜೋರಾಗಿ ಬ್ರೇಕ್ ಒತ್ತಿದೆ. ಕಾರು ನಿಂತಿತು. ಆದರೆ ಕಾಲಡಿಯಲ್ಲಿ ಏನೋ ಮುಂದಕ್ಕೆ ಓಡಿ, ಮತ್ತೆ ಹಿಂದಕ್ಕೆ ಬಂತು. ಅರ್ಧ ತುಂಬಿದ ಕೊಡವನ್ನು ಎತ್ತಿ ಇಳಿಸಿದಾಗ ಬರುವಂಥ ಸದ್ದು. ಪಕ್ಕದಲ್ಲಿದ್ದ ಹೆಂಡತಿ ಕಾಲು ಮೇಲೆತ್ತಿಕೊಂಡು, "ನೀರಿನ ಶಬ್ದ ಅಲ್ದಾ ಅದ್? ನಿಮ್ಗೆ ಕೇಣ್ತಿಲ್ಯಾ?" ಅಂದಳು.

ಕೇಳಿಸಿತ್ತು. ಮಳೆಯ ಸದ್ದಿರಬೇಕು ಎಂದುಕೊಳ್ಳುವುದು ಸುಲಭವಾಗಿತ್ತು.

2023ರ ಜುಲೈ, ಆಸಾಡಿ ಮಳೆ ಬಿಡದೆ ಹೊಡೆಯುತ್ತಿದ್ದ ವಾರ. ಕಾರು 2004ರ ಮಾರುತಿ 800. ಅಪ್ಪಯ್ಯ ನಿವೃತ್ತರಾದ ವರ್ಷ ಹೊಸದಾಗಿ ತೆಗೆದದ್ದು, ಈಗ ಓಡಿಸುವವನು ನಾನು. ನಾವುಂದದ ಮನೆಯಿಂದ ಕುಂದಾಪುರದ ಕಾಲೇಜಿಗೆ ದಿನಾ ಹೋಗಿ ಬರಬೇಕು. ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಬಿಟ್ಟು ಸ್ವಲ್ಪ ದೂರಕ್ಕೇ ಮರವಂತೆ ಸಿಗುತ್ತದೆ. ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಮಳೆಗಾಲದಲ್ಲಿ ಅಲೆ ಕಲ್ಲಿಗೆ ಬಡಿದಾಗ ಏಳುವ ಸೀರ್ಪನಿ ಗಾಜಿನ ಮೇಲೆ ಕೂರುತ್ತದೆ. ವೈಪರ್ ಒಂದು ಸಲ ಆಡಿದ ಮೇಲೆ ಉಳಿಯುವ ಬಿಳಿ ಗೆರೆ ಉಪ್ಪಿನದು. ಊರಿಗೆ ಬಂದವರು ಫೋಟೋ ತೆಗೆಯಲು ನಿಲ್ಲುವ ಆ ಜಾಗದಲ್ಲಿ ನಾನು ಯಾವಾಗಲೂ ಗಾಜು ಏರಿಸಿಕೊಂಡೇ ಹೋಗುವವನು. ಉಪ್ಪು ಒಳಗೆ ಬರಬಾರದು ಎಂಬ ಎಚ್ಚರಿಕೆ ಅಷ್ಟಿತ್ತು.

ಆದರೆ ಕಾರು ಸುಮಾರು ಒಂದು ವರ್ಷದಿಂದ ಹೇಳುತ್ತಲೇ ಬಂದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲ ಗಾಜಿಗೂ ಒಳಗಿನಿಂದ ಮಂಜು. ಮಳೆಗಾಲದಲ್ಲಿ ಇದು ಸಾಮಾನ್ಯ ಎಂದು ಬಟ್ಟೆಯಲ್ಲಿ ಒರೆಸಿ ಹೊರಡುತ್ತಿದ್ದೆ. ಆದರೆ ಫೆಬ್ರವರಿಯಲ್ಲೂ ಮಂಜು ಹಿಡಿಯುತ್ತಿತ್ತು. ಒಳಗೆ ಒದ್ದೆ ಗೋಣಿಚೀಲದ ವಾಸನೆ. ಅದನ್ನು ಮುಚ್ಚಲು ಡ್ಯಾಶ್‌ಬೋರ್ಡಿನ ಮೇಲೆ ಸುವಾಸನೆಯ ಡಬ್ಬಿ ಇಟ್ಟಿದ್ದೆ. ಉತ್ತರ ಪತ್ರಿಕೆಗಳ ಕಟ್ಟನ್ನು ಕೆಳಗಿಟ್ಟಾಗ ಅಡಿಯ ಎರಡು ಹಾಳೆ ನೆನೆದಿದ್ದವು; ಛತ್ರಿಯ ನೀರು ಅಂದುಕೊಂಡೆ. ಈಗ ಯೋಚಿಸಿದರೆ, ಫೆಬ್ರವರಿಯ ಮಂಜು ಒಂದೇ ಸಾಕಿತ್ತು. ಒಣ ಹವೆಯಲ್ಲಿ ಗಾಜಿಗೆ ಒಳಗಿನಿಂದ ತೇವ ಹಿಡಿಯುತ್ತಿದೆ ಅಂದರೆ ಆ ತೇವ ಕಾರಿನೊಳಗೇ ಎಲ್ಲೋ ಮನೆ ಮಾಡಿದೆ ಎಂದೇ ಅರ್ಥ.

ಭಾನುವಾರ ಬಿಚ್ಚಲು ಕೂತೆ. ಬಾಗಿಲಿನ ಹೊಸ್ತಿಲಿಗೆ ಹೊಡೆದ ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂ ತೆಗೆದೆ. ಕಾರಿನ ನೆಲಕ್ಕೆ ಪೂರ್ತಿ ಹೊದೆಸಿದ್ದ ದಪ್ಪ ವಿನೈಲ್ ಮ್ಯಾಟಿಂಗ್ ಇತ್ತು. 2017ರಲ್ಲಿ ಒಂದು ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದು. ನೋಡಲು ಚಂದ, ಒರೆಸಲು ಸುಲಭ, ಅಡಿಯಲ್ಲಿ ಮೆತ್ತನೆಯ ಫೋಮ್. ಹಾಕಿಸಿಕೊಂಡು ಬಂದ ದಿನ ಅಪ್ಪಯ್ಯ ಬಗ್ಗಿ ನೋಡಿ, "ಇದನ್ನ ಎತ್ತುದ್ ಹ್ಯಾಂಗೆ?" ಎಂದು ಕೇಳಿದ್ದರು. ಎತ್ತುವ ಅಗತ್ಯವೇ ಇಲ್ಲ ಅಂದಿದ್ದೆ. ಅವರು ಓಡಿಸುತ್ತಿದ್ದಾಗ ಮಳೆಗಾಲದುದ್ದಕ್ಕೂ ಬಿಡಿ ರಬ್ಬರ್ ಮ್ಯಾಟಿನ ಅಡಿಗೆ ಹಳೇ ಪೇಪರ್ ಹಾಸಿ, ವಾರಕ್ಕೊಮ್ಮೆ ಬದಲಿಸುತ್ತಿದ್ದರು. ಒದ್ದೆ ಪೇಪರುಗಳು ಬಚ್ಚಲಿನ ಒಲೆಗೆ ಹೋಗುತ್ತಿದ್ದವು.

ಸೀಟು ತೆಗೆಯದೆ ಮ್ಯಾಟು ಏಳುವಂತಿರಲಿಲ್ಲ. ಚಾಲಕನ ಸೀಟಿನ ಬೋಲ್ಟುಗಳು ಒಂದೊಂದಾಗಿ ಬಂದವು. ಎಡಗಡೆ ಸೀಟಿನ ಹಿಂದಿನ ಬೋಲ್ಟು ಅಲ್ಲಾಡಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಬಿಟ್ಟೆ, ಬೆಳಿಗ್ಗೆ ಇನ್ನೊಮ್ಮೆ ಬಿಟ್ಟು ಸ್ಪಾನರ್ ಹಾಕಿದರೆ ತಲೆ ಕಳಚಿ ಕೈಗೆ ಬಂತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ತಿರುಪಿನ ಸುತ್ತಿನೊಳಗೆ ಅದು ಉಬ್ಬಿ, ಬೋಲ್ಟನ್ನು ಬೆಸುಗೆ ಹಾಕಿದ ಹಾಗೆ ಹಿಡಿದುಬಿಡುತ್ತದೆ. ತರಗತಿಯಲ್ಲಿ ಹೇಳುವ ಈ ಮಾತು ಕೈಯಲ್ಲಿ ಆ ಬೋಲ್ಟಿನ ತಲೆ ಹಿಡಿದು ನಿಂತಾಗ ಬೇರೆ ತೂಕದಲ್ಲಿ ನೆನಪಾಯಿತು.

ಮ್ಯಾಟು ಎತ್ತಿದೆವು. ಫೋಮ್ ಹಿಂಡಿದರೆ ಕಂದು ನೀರು. ಎರಡು ಕಡೆಯದು ಸೇರಿ ಹತ್ತಿರ ಹತ್ತಿರ ಅರ್ಧ ಬಕೆಟ್ ಆಯಿತು. ಅದರ ಕೆಳಗೆ ಕಂಪೆನಿಯಿಂದಲೇ ಬಂದ ಡಾಂಬರಿನ ಹಾಳೆ, ಸದ್ದು ಕಡಿಮೆ ಮಾಡಲು ನೆಲದ ತಗಡಿಗೆ ಅಂಟಿಸಿರುವಂಥದ್ದು. ನಡುವೆ ಅದು ಗಟ್ಟಿಯಾಗಿ ಕೂತಿತ್ತು, ಅಂಚಿನಲ್ಲಿ ಎದ್ದಿತ್ತು. ಎದ್ದ ಕಡೆ ಸ್ಕ್ರೂಡ್ರೈವರ್ ತೂರಿಸಿ ಎತ್ತಿದಾಗ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಬಂತು. ಎಡಗಡೆ ಕಾಲಿಡುವ ಜಾಗದಲ್ಲಿ ಸ್ವಲ್ಪ ಒತ್ತಿದೆ, ಅಷ್ಟೇ. ಸ್ಕ್ರೂಡ್ರೈವರ್ ಒಳಗೆ ಇಳಿಯಿತು. ಹೊರಗೆಳೆದಾಗ ಆ ತೂತಿನಲ್ಲಿ ಅಂಗಳದ ಕೆಂಪು ಮಣ್ಣು ಕಂಡಿತು.

ಇನ್ನೂ ನೋವಾದದ್ದು ಬೇರೆ ವಿಷಯಕ್ಕೆ. ಮ್ಯಾಟು ಜಾರದಿರಲಿ ಎಂದು ಹಾಕಿದವರು ನೇರವಾಗಿ ನೆಲದ ತಗಡಿಗೇ ಸ್ಕ್ರೂ ಕೊರೆದಿದ್ದರು. ಆರು ಸ್ಕ್ರೂ. ಪ್ರತಿಯೊಂದರ ಸುತ್ತ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ತುಕ್ಕಿನ ಉಂಗುರ. ಕಾರ್ಖಾನೆಯಲ್ಲಿ ಬಾಡಿಯನ್ನು ಇಡಿಯಾಗಿ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಾರೆ. ಮೂಲೆ ಮೂಲೆಗೂ ಬಣ್ಣ ಹಿಡಿಯಲಿ ಎಂದು. ಆಮೇಲೆ ಕೊರೆದ ತೂತಿನ ಅಂಚಿಗೆ ಆ ರಕ್ಷಣೆ ಇಲ್ಲ. ಕಾರಿಗೆ ಏನೇ ಹೆಚ್ಚುವರಿ ಹಾಕಿಸುವಾಗಲೂ ಎಲ್ಲಿ ಕೊರೆಯುತ್ತೀರಿ, ಕೊರೆದ ಅಂಚಿಗೆ ಏನು ಬಳಿಯುತ್ತೀರಿ ಎಂದು ಕೇಳಬೇಕು. ನಾನು ಕೇಳಿರಲಿಲ್ಲ.

ಹಿಂಡಿದ ನೀರನ್ನು ಚೆಲ್ಲುವ ಮೊದಲು ಒಂದು ಬಾಟಲಿಯಲ್ಲಿ ತುಂಬಿಸಿಟ್ಟುಕೊಂಡೆ. ಮಾರನೇ ದಿನ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ಪ್ರನಾಳ ಇಟ್ಟೆ. ಒಂದರಲ್ಲಿ ಭಟ್ಟಿ ಇಳಿಸಿದ ನೀರು, ಒಂದರಲ್ಲಿ ನಮ್ಮ ಮನೆಯ ಮಾಡಿನಿಂದ ಹಿಡಿದ ಮಳೆನೀರು, ಮೂರನೆಯದರಲ್ಲಿ ಫೋಮಿನ ನೀರನ್ನು ಸೋಸಿ ಹಾಕಿದ್ದು. ಮೂರಕ್ಕೂ ಸ್ವಲ್ಪ ನೈಟ್ರಿಕ್ ಆಮ್ಲ, ಆಮೇಲೆ ಕೆಲವು ಹನಿ ಸಿಲ್ವರ್ ನೈಟ್ರೇಟ್. ಮೊದಲನೆಯದು ತಿಳಿಯಾಗೇ ಉಳಿಯಿತು. ಮಳೆನೀರು ಹೊಗೆಯಾಡಿದಂತೆ ಸ್ವಲ್ಪ ಮಸುಕಾಯಿತು; ಕಡಲ ಕರೆಯ ಮಳೆಯಲ್ಲೂ ಒಂದಿಷ್ಟು ಉಪ್ಪಿರುತ್ತದೆ. ಫೋಮಿನ ನೀರು ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಯಾಯಿತು. ಪ್ರತಿ ವರ್ಷ ಮಕ್ಕಳಿಗೆ ತೋರಿಸುವ ಕ್ಲೋರೈಡಿನ ಪರೀಕ್ಷೆ ಇದು. ನೀರು ಬರೀ ಮಳೆಯದ್ದಲ್ಲ, ಉಪ್ಪು ಸೇರಿದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಉಪ್ಪು ಎಲ್ಲಿಂದ ಬಂತು? ಗಾಳಿಯ ಪಾಲು ಸ್ವಲ್ಪ. ಮರವಂತೆಯ ಮರಳು ಮೆತ್ತಿದ ಮಕ್ಕಳ ಕಾಲಿನದು ಇನ್ನು ಸ್ವಲ್ಪ. ದೊಡ್ಡ ಪಾಲು ಮೀನಿನದು. ವರ್ಷವರ್ಷವೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ಅದು ಮುಗಿದ ಮೇಲೆ ಗಂಗೊಳ್ಳಿ ಬಂದರಿನಿಂದ ವಾರಕ್ಕೆ ಎರಡು ಸಲವಾದರೂ ಬಂಗುಡೆಯೋ ಬೂತಾಯಿಯೋ ತರುತ್ತೇವೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೀನು, ಮಂಜುಗಡ್ಡೆ, ಉಪ್ಪು ನೀರು. ಇಡುವುದು ಎಡಗಡೆ ಸೀಟಿನ ಎದುರು, ಕಾಲ ಬಳಿ. ಮನೆಗೆ ಬಂದ ಮೇಲೆ ಮ್ಯಾಟು ಒರೆಸುತ್ತಿದ್ದೆವು. ಅಂಚಿನಿಂದ ಇಳಿದದ್ದು ಅಲ್ಲೇ ಕೂತಿತ್ತು, ಆರು ವರ್ಷದಷ್ಟು.

ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಮೊಳೆ ಹಾಕಿದ ಪ್ರನಾಳದ ಪ್ರಯೋಗವನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೇವೆ. ಫೋಮಿನ ಅಡಿಯಲ್ಲಿ ಗಾಳಿ ಕಡಿಮೆ, ಹಾಗಾದರೆ ತುಕ್ಕೂ ಕಡಿಮೆ ಇರಬೇಕಲ್ಲ ಎಂದು ನನ್ನ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ನಡೆಯುವುದು ತಿರುಗುಮುರುಗು. ಒಂದೇ ತಗಡಿನಲ್ಲಿ ಒಂದು ಕಡೆ ಗಾಳಿ ಸಿಕ್ಕಿ, ಇನ್ನೊಂದು ಕಡೆ ಸಿಗದಿದ್ದರೆ ಎರಡರ ನಡುವೆ ಸಣ್ಣ ವಿದ್ಯುತ್ ಕೋಶವೇ ಏರ್ಪಡುತ್ತದೆ. ಗಾಳಿ ಸಿಗದ ಕಡೆಯ ಕಬ್ಬಿಣ ಕರಗುತ್ತಾ ಹೋಗುತ್ತದೆ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಆ ಕೆಲಸ ಚುರುಕಾಗುತ್ತದೆ. ಅಲ್ಯೂಮಿನಿಯಂ ಮೇಲೆ ಕೂರುವ ಪದರ ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಸಡಿಲ. ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ನಮ್ಮ ಕಾರಿನಲ್ಲಿ ಬಯಲಲ್ಲಿದ್ದ ತಗಡಿಗಿಂತ ಮ್ಯಾಟಿನಡಿಯ ತಗಡು ಹೆಚ್ಚು ಸವೆದದ್ದು ಇದಕ್ಕೇ.

ಕೊಡಚಾದ್ರಿಗೆ ಹೋದವರು ಮೂಲ ಮೂಕಾಂಬಿಕೆಯ ಗುಡಿಯ ಎದುರಿನ ಕಬ್ಬಿಣದ ಕಂಬ ನೋಡಿರುತ್ತಾರೆ. ನಮ್ಮ ಕರಾವಳಿಗಿಂತ ಜೋರು ಮಳೆ ಸುರಿಯುವ ಆ ಬೆಟ್ಟದಲ್ಲಿ ಅದು ಎಷ್ಟೋ ಕಾಲದಿಂದ ನಿಂತಿದೆ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅದನ್ನು ಮುಟ್ಟಿ ನೋಡುತ್ತೇನೆ. ಮಳೆ ಅದರ ಮೇಲೆ ಸುರಿದು ಇಳಿದುಹೋಗುತ್ತದೆ, ಗಾಳಿ ಬೀಸಿ ಒಣಗಿಸುತ್ತದೆ. ನನ್ನ ಕಾರಿನ ನೆಲಕ್ಕೆ ಬಿದ್ದ ಮಳೆ ಅದರ ಒಂದು ಚೂರೂ ಅಲ್ಲ. ಆದರೆ ಬಿದ್ದದ್ದು ಒಣಗಲಿಲ್ಲ.

ಕುಂದಾಪುರದ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. "ಮೇಲಿಂದ ಒಂದು ತಗಡು ಹೊದೆಸಿ, ಸುತ್ತ ಎಂ-ಸೀಲ್ ಕೊಟ್ಟು, ಡಾಂಬರು ಹೊಡೆದರೆ ಮುಗೀತು, ಸಂಜೆಗೆ ಗಾಡಿ ಕೊಂಡುಹೋಗಿ" ಎಂದರು. ಕೆಲವರು ಗುಜರಿಗೆ ಹಾಕಿ ಎಂದರು. ಈ ಮಾದರಿಯನ್ನು ಕಂಪೆನಿ ನಿಲ್ಲಿಸಿದ್ದೇ 2014ರ ಜನವರಿಯಲ್ಲಿ, ಇನ್ನೆಷ್ಟು ದಿನ ಎಂಬುದು ಅವರ ಮಾತು. ಎಂಜಿನ್ ಚೆನ್ನಾಗಿತ್ತು. ಪಿಲ್ಲರುಗಳಿಗೆ, ಬಾಗಿಲಡಿಯ ಸಿಲ್‌ಗೆ ತುಕ್ಕು ಹೋಗಿರಲಿಲ್ಲ. ಬೆಲ್ಟು ಕೂರುವ ಜಾಗ ಭದ್ರವಾಗಿತ್ತು. ಅವು ಹೋಗಿದ್ದರೆ ನಾನೂ ಗುಜರಿಗೇ ಹಾಕುತ್ತಿದ್ದೆ. ಅಪಘಾತವಾದಾಗ ನಮ್ಮನ್ನು ಹಿಡಿದಿಡುವ ಭಾಗಗಳು ಅವು. ಅಲ್ಲಿ ತೇಪೆಯ ಲೆಕ್ಕಾಚಾರ ನಡೆಯುವುದಿಲ್ಲ.

ಕೊನೆಗೆ ಹೋದದ್ದು ಹೆಮ್ಮಾಡಿಯ ಕಡೆಯ ಒಬ್ಬ ಟಿಂಕರ್ ಹತ್ತಿರ. ಎಲ್ಲರೂ ಆಚಾರ್ರು ಎಂದೇ ಕರೆಯುತ್ತಾರೆ. ಅಪ್ಪನ ಕಾಲದಲ್ಲಿ ಕತ್ತಿ, ಹಾರೆ ಮಾಡುತ್ತಿದ್ದ ಕುಲುಮೆಯ ಜಾಗದಲ್ಲೇ ಈಗ ಕಾರಿನ ಬಾಡಿ ಕೆಲಸ ಮಾಡುತ್ತಾರೆ. ಅವರು ಮೊದಲು ನೋಡಿದ್ದು ತೂತನ್ನಲ್ಲ. ಬಾಗಿಲಿನ ಅಡಿ, ಗಾಜಿನ ಬೀಡಿಂಗು, ಬಾನೆಟ್ಟಿನ ಹಿಂದಿನ ಜಾಲರಿ ಎಲ್ಲ ನೋಡಿ, "ಮಾಷ್ಟ್ರೆ, ನೀರ್ ಎಲ್ಲಿಂದ ಬತ್ತ್ ಅಂತ ಗೊತ್ತಿತ್ತಾ?" ಎಂದರು. ಇಲ್ಲ ಅಂದೆ. "ಹಾಂಗಾರೆ ಈಗ ತಗಡ್ ಹಾಕುದ್ ಬ್ಯಾಡ. ಅದನ್ನ ಮೊದ್ಲ್ ಕಾಣಿ. ಮಳೆ ಹೋದ್ಮೇಲೆ ಬನ್ನಿ." ಕೈಗೆ ಬಂದ ಕೆಲಸವನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿ ಕಳುಹಿಸಿದರು. ಈ ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಸಹಾಯ ಅದು.

ನೀರಿನ ದಾರಿ ಹುಡುಕುವುದಕ್ಕೆ ಸೀಮೆಸುಣ್ಣ ಸಹಾಯಕ್ಕೆ ಬಂತು. ನೆಲವನ್ನು ಪೂರ್ತಿ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಬಾಗಿಲಿನ ಒಳಬದಿ, ಡ್ಯಾಶ್‌ಬೋರ್ಡಿನ ಅಡಿ, ನೆಲದ ಮೇಲೆಲ್ಲ ತಟ್ಟಿದೆ. ತೆಳ್ಳಗೆ ಬಿಳಿ ಹಾಸು. ಮಗ ಟಾರ್ಚ್ ಹಿಡಿದು ಒಳಗೆ ಕೂತ, ನಾನು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಾಗಿಲಿನ ಅಡಿ, ಆಮೇಲೆ ಬಾಗಿಲಿನ ಗಾಜು, ಕೊನೆಗೆ ಮುಂದಿನ ಗಾಜು ಮತ್ತು ಅದರಡಿಯ ಜಾಲರಿ. ಒಂದೊಂದು ಜಾಗಕ್ಕೂ ಐದು ನಿಮಿಷ. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆ ಇಳಿದು ಯಾವುದು ಯಾವ ದಾರಿಯಿಂದ ಬಂತೆಂದು ತಿಳಿಯುವುದಿಲ್ಲ.

ಬಲಗಡೆ ಬಾಗಿಲಿನ ಗಾಜಿಗೆ ನೀರು ಬಿಟ್ಟಾಗ ಮಗ ಒಳಗಿನಿಂದ ಕೂಗಿದ. ಸ್ಪೀಕರಿನ ಅಡಿಯಿಂದ ಬಿಳಿ ಪುಡಿಯ ಮೇಲೆ ಒಂದು ಗೆರೆ ಇಳಿದಿತ್ತು. ಬಾಗಿಲಿನ ಪ್ಯಾನೆಲ್ ತೆಗೆದೆವು. ಗಾಜಿನ ಸಂದಿನಿಂದ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ. ಎಲ್ಲ ಕಾರಿನಲ್ಲೂ ಇಳಿಯುತ್ತದೆ, ಇಳಿದು ಬಾಗಿಲಿನ ಅಡಿಯ ತೂತುಗಳಿಂದ ಹೊರಗೆ ಹೋಗಬೇಕು. ಒಳಗೆ ಬರದಂತೆ ತಡೆಯುವುದು ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಒಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಕೂರಿಸುವಾಗ ಅದನ್ನು ಬ್ಲೇಡಿನಲ್ಲಿ ಕೊಯ್ದು ಹಾಗೇ ಬಿಟ್ಟಿದ್ದರು. ಅಡಿಯ ತೂತುಗಳಲ್ಲಿ ಮಣ್ಣು ಕಟ್ಟಿ ಕಲ್ಲಾಗಿತ್ತು. ಹಿಡಿಸೂಡಿಯ ಕಡ್ಡಿ ತೂರಿಸಿದೆ. ಪುಳಕ್ಕನೆ ಒಂದು ಲೋಟದಷ್ಟು ಕಪ್ಪು ನೀರು ಬಿತ್ತು. ಹೊಸ ದಪ್ಪ ಪಾಲಿಥೀನ್ ಹಾಳೆ ಕತ್ತರಿಸಿ, ಸುತ್ತಲೂ ಬ್ಯೂಟೈಲ್ ಟೇಪು ಒತ್ತಿ, ಕೆಳಗಿನ ಅಂಚು ಬಾಗಿಲಿನೊಳಗೇ ಇಳಿಯುವಂತೆ ಮಡಚಿದೆ. ಆ ಮಡಿಕೆ ಮುಖ್ಯ. ಹೊರಗೆ ಮಡಚಿದರೆ ಹಾಳೆಯೇ ನೀರನ್ನು ಕಾರಿನೊಳಕ್ಕೆ ಕರೆದುಕೊಂಡು ಬರುತ್ತದೆ.

ಎಡಗಡೆಯದು ತಿಳಿಯಲು ವಾರ ಹಿಡಿಯಿತು. ಎಷ್ಟು ನೀರು ಬಿಟ್ಟರೂ ಆ ಬದಿಯ ಪುಡಿ ಒಣಗಿಯೇ ಇತ್ತು. ಬಾನೆಟ್ಟಿನ ಹಿಂದಿನ ಜಾಲರಿಯಲ್ಲಿ ಸೇರಿದ್ದ ಹಲಸಿನ ಎಲೆಗಳನ್ನು ತೆಗೆದರೂ ವ್ಯತ್ಯಾಸ ಕಾಣಲಿಲ್ಲ. ಕಾಲೇಜಿಗೆ ಹೋಗಿ ಬಂದ ದಿನ ಮಾತ್ರ ಒದ್ದೆ. ಮಳೆ ಬಾರದ ಒಂದು ದಿನವೂ ಒದ್ದೆಯಾದಾಗ ಹೊಳೆಯಿತು: ಏಸಿ. ಒಳಗಿನ ಗಾಳಿಯ ತೇವವೇ ಏಸಿಯ ತಣ್ಣನೆಯ ಕಾಯಿಲ್‌ಗೆ ತಾಗಿ ನೀರಾಗುತ್ತದೆ. ಅದು ಒಂದು ಸಣ್ಣ ಪೈಪಿನಲ್ಲಿ ಕಾರಿನ ಅಡಿಗೆ ಹನಿಯಬೇಕು. ಕಾರು ನಿಲ್ಲಿಸಿ ಹತ್ತು ನಿಮಿಷ ಏಸಿ ಹಾಕಿ ಕೆಳಗೆ ಬಗ್ಗಿ ನೋಡಿದೆ, ಒಂದು ಹನಿ ಇಲ್ಲ. ಪೈಪಿನ ಬಾಯಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ಬಿಡಿಸಿದ ಕೂಡಲೇ ಧಾರೆಯಾಗಿ ಸುರಿಯಿತು. ಫೆಬ್ರವರಿಯ ಮಂಜಿನ ಕಾರಣ ಅದೇ. ಬೇಸಿಗೆಯಲ್ಲಿ ಏಸಿ ಹಾಕಿದಷ್ಟೂ ನೀರು ಮ್ಯಾಟಿನ ಅಡಿಗೆ ಹೋಗಿತ್ತು, ಮೀನಿನ ಉಪ್ಪನ್ನು ಮತ್ತೆ ಮತ್ತೆ ಕರಗಿಸಿತ್ತು.

ನವೆಂಬರಿನ ತನಕ ಬರೀ ತಗಡಿನ ಮೇಲೇ ಓಡಿಸಿದೆ. ದೊಡ್ಡ ತೂತಿನ ಮೇಲೆ ಸದ್ಯಕ್ಕೆಂದು ತಗಡಿನ ತುಂಡೊಂದನ್ನು ಬಿಗಿದಿದ್ದೆ. ಎಡಗಡೆ ಸೀಟು ತೆಗೆದಿಟ್ಟಿದ್ದೆ. ಬೋಲ್ಟಿಲ್ಲದ ಸೀಟಿನಲ್ಲಿ ಯಾರನ್ನೂ ಕೂರಿಸುವಂತಿಲ್ಲ. ಸಂಜೆ ಬಂದ ಮೇಲೆ ಕೊಟ್ಟಿಗೆಯ ಮಾಡಿನಡಿ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ಟೇಬಲ್ ಫ್ಯಾನ್ ಹಚ್ಚುತ್ತಿದ್ದೆ. ತೇವ ಹೀರಲು ಕ್ಯಾಲ್ಸಿಯಂ ಕ್ಲೋರೈಡ್ ಇಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ತೇವ ಹೀರುವುದೇನೋ ನಿಜ. ಆದರೆ ಹೀರಿದ ಮೇಲೆ ಅದೇ ನೀರಾಗಿ ಕರಗುತ್ತದೆ. ಒಂದು ಸಲ ಚೆಲ್ಲಿದರೆ ಯಾವ ಕ್ಲೋರೈಡನ್ನು ಓಡಿಸಲು ನೋಡುತ್ತಿದ್ದೇವೋ ಅದನ್ನೇ ತಗಡಿಗೆ ಸುರಿದಂತೆ. ಫ್ಯಾನೇ ಸಾಕು ಎಂದು ಬಿಟ್ಟೆ.

ದೀಪಾವಳಿ ಕಳೆದ ಮೇಲೆ ಆಚಾರ್ರು ಕೆಲಸಕ್ಕೆ ಕೈ ಹಾಕಿದರು. ಮೊದಲು ಬ್ಯಾಟರಿಯ ತಂತಿ ಕಳಚಿದರು. ನೆಲದ ಅಡಿಯಲ್ಲಿ ಹೋಗುವ ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳನ್ನು ಬಿಡಿಸಿ ದೂರ ಸರಿಸಿ, ಒದ್ದೆ ಗೋಣಿ ಹೊದೆಸಿದರು. ಪಕ್ಕದಲ್ಲಿ ನೀರಿನ ಬಕೆಟ್, ಮರಳಿನ ಬಕೆಟ್. ಆಮೇಲೆ ಸಣ್ಣ ಸುತ್ತಿಗೆ ತೆಗೆದುಕೊಂಡು ಇಡೀ ನೆಲವನ್ನು ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತಿತ್ತು, ಒಳಗೆ ಸವೆದಲ್ಲಿ ಬೊದ್ದೆಂದು ಸತ್ತ ಸದ್ದು. ಸದ್ದು ಬದಲಾದ ಗಡಿಯಲ್ಲಿ ಗೆರೆ ಎಳೆದರು. ನಾನು ಕಣ್ಣಿನಿಂದ ನೋಡಿ ಅಂಗೈಯಷ್ಟು ಎಂದುಕೊಂಡಿದ್ದ ಜಾಗ ಅವರ ಕಿವಿಗೆ ಒಂದು ಮೊಳ ಉದ್ದ, ಒಂದು ಗೇಣು ಅಗಲ ಆಯಿತು. ಮುರಿದ ಬೋಲ್ಟಿನ ಸುತ್ತಲಿನ ಭಾಗವೂ ಅದರೊಳಗೆ ಸೇರಿತ್ತು.

ಗ್ರೈಂಡರಿನಲ್ಲಿ ಕೊಯ್ದು ಹೊರಗೆ ತೆಗೆದ ತುಂಡನ್ನು ಬೆಳಕಿಗೆ ಹಿಡಿದರೆ ನಕ್ಷತ್ರದ ಹಾಗೆ ಸಣ್ಣ ಸಣ್ಣ ತೂತು. ಅದರ ಮೇಲೇ ತಗಡು ಹೊದೆಸಿದ್ದರೆ ಎರಡರ ನಡುವಿನ ಸಂದಿನಲ್ಲಿ ನೀರು ನಿಂತು ಹೊಸ ತಗಡನ್ನೂ ತಿನ್ನುತ್ತಿತ್ತು. ಆಚಾರ್ರು 20 ಗೇಜಿನ ಶೀಟು ತೆಗೆದುಕೊಂಡು, ಹಳೆಯದರಲ್ಲಿದ್ದ ಉಬ್ಬುಗೆರೆಗಳನ್ನು ಅದರಲ್ಲೂ ಎಬ್ಬಿಸಿದರು. ಅಂದಕ್ಕಲ್ಲ, ಗೆರೆ ಇದ್ದರೆ ತೆಳು ತಗಡು ಬಾಗದೆ ನಿಲ್ಲುತ್ತದೆ. ಸತು ಲೇಪಿಸಿದ ಜಿಐ ಶೀಟು ಯಾಕೆ ಬೇಡ ಎಂದು ಕೇಳಿದೆ. ಬೆಸುಗೆ ಹಾಕುವಾಗ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಅವರ ತಂದೆಗೆ ಬಂದದ್ದನ್ನು ನೋಡಿದ್ದಾರೆ. ಆ ಜ್ವರ ನಮ್ಮ ಪಠ್ಯಗಳಾಚೆಯ ರಸಾಯನಶಾಸ್ತ್ರದಲ್ಲೂ ದಾಖಲಾದದ್ದೇ.

ಸಿಒ2 ವೆಲ್ಡಿಂಗ್. ಕಡ್ಡಿ ವೆಲ್ಡಿಂಗಿನಲ್ಲಿ ಇಷ್ಟು ತೆಳು ತಗಡು ಸುಟ್ಟು ತೂತಾಗುತ್ತದೆ. ಒಂದು ಚುಕ್ಕಿ ಇಲ್ಲಿ, ಮುಂದಿನದು ಎದುರು ಬದಿಯಲ್ಲಿ, ತಣಿಯಲು ಬಿಟ್ಟು ಇನ್ನೊಂದು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದಂತೆ. ಸೀಟಿನ ಬೋಲ್ಟು ಕೂರುವಲ್ಲಿ ಅಡಿಯಿಂದ ದಪ್ಪ ಪಟ್ಟಿ ಕೊಟ್ಟು ಹೊಸ ನಟ್ಟನ್ನು ಬೆಸೆದರು. ಎರಡು ದಿನದ ಕೆಲಸ. ಸ್ಕ್ರೂವಿನ ಆರು ತೂತುಗಳನ್ನು ಮುಚ್ಚಿದ್ದೂ ಸೇರಿ 9,500 ರೂಪಾಯಿ ತೆಗೆದುಕೊಂಡರು.

ಉಳಿದದ್ದು ನನ್ನ ಕೆಲಸ. ತೂತಾಗದೆ ಮೇಲ್ಮೈಯಲ್ಲಷ್ಟೇ ತುಕ್ಕು ಹಿಡಿದ ಜಾಗ ಬಹಳ ಇತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಆಮೇಲೆ ಡ್ರಿಲ್ಲಿಗೆ ತಂತಿಯ ಬಟ್ಟಲು ಹಾಕಿ ತಗಡು ಹೊಳೆಯುವ ತನಕ ಕೆರೆದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಬ್ರಷ್ಷಿನ ತಂತಿ ಕಡಿದು ಬಾಣದಂತೆ ಹಾರುತ್ತದೆ. ಎಷ್ಟು ಕೆರೆದರೂ ಸಣ್ಣ ಗುಳಿಗಳ ತಳದಲ್ಲಿ ಕಪ್ಪು ಉಳಿಯುತ್ತದೆ, ಉಪ್ಪು ಅಡಗುವುದೂ ಅಲ್ಲೇ. ಅದರ ಮೇಲೆ ಎಂಥ ಬಣ್ಣ ಬಳಿದರೂ ಉಪ್ಪು ಬಣ್ಣದ ಮೂಲಕವೇ ತೇವ ಎಳೆದು ಗುಳ್ಳೆ ಏಳಿಸುತ್ತದೆ. ಹಾಗಾಗಿ ಬ್ಯಾಟರಿಗೆ ಹಾಕುವ ಭಟ್ಟಿ ನೀರಿನಲ್ಲಿ ತೊಳೆದು, ಸ್ಪಂಜಿನಲ್ಲಿ ಒತ್ತಿ ತೆಗೆದು, ಆ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡಿದೆ. ಬೆಳ್ಳಗಾಯಿತು. ಮತ್ತೆ ತೊಳೆದೆ. ಮೂರನೇ ಸಲ ಬರೀ ಮಸುಕು. ಐದನೇ ಸಲ ಪ್ರನಾಳ ತಿಳಿಯಾಗಿ ಉಳಿಯಿತು. ಮನೆಯಲ್ಲಿ ಸಿಲ್ವರ್ ನೈಟ್ರೇಟ್ ಇಲ್ಲದವರು ಐದಾರು ಸಲ ಒಳ್ಳೆಯ ನೀರಿನಲ್ಲಿ ತೊಳೆದು, ಪ್ರತಿ ಸಲವೂ ಒತ್ತಿ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಬಹುಪಾಲು ಉಪ್ಪು ಹೋಗುತ್ತದೆ. ತುಕ್ಕು ತೆಗೆಯಲು ನೀರು ಹಾಕುವುದು ಎಂದರೆ ಜನ ನಗುತ್ತಾರೆ. ಈ ಒಂದು ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ ಎಂದು ನನಗೆ ಖಚಿತವಾಗಿದೆ.

ಗುಳಿಗಳಿಗೆ ಮಾತ್ರ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಬಳಿದೆ. ಉಳಿದ ತುಕ್ಕಿನೊಂದಿಗೆ ಅದು ಸೇರಿ ಕಪ್ಪಗಿನ ಕಬ್ಬಿಣದ ಫಾಸ್ಫೇಟ್ ಆಗುತ್ತದೆ, ತುಕ್ಕಿನ ಹಾಗೆ ಸಡಿಲವಾಗಿರುವುದಿಲ್ಲ. ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷ ಉಳಿದದ್ದರ ಹಿಂದೆಯೂ ಆ ಕಬ್ಬಿಣದಲ್ಲಿ ಹೆಚ್ಚಾಗಿದ್ದ ರಂಜಕ, ಅದರಿಂದ ಮೇಲ್ಮೈಯಲ್ಲಿ ಕೂತ ಪದರ ಕಾರಣ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ತೋರಿಸಿಕೊಟ್ಟಿದ್ದರು. ಡಬ್ಬಿಯಲ್ಲಿ ಬರುವ ಕನ್ವರ್ಟರ್ ಅಂಥ ಪವಾಡ ಮಾಡುವುದಿಲ್ಲ. ದಪ್ಪ ಹಪ್ಪಳ ಎದ್ದ ತುಕ್ಕಿನ ಮೇಲೆ ಸುರಿದರೆ ಮೇಲಿನ ಪದರ ಕಪ್ಪಾಗುತ್ತದೆ, ಅಡಿಯದು ಹಾಗೇ ಇರುತ್ತದೆ. ಒಂದು ದಿನ ಬಿಟ್ಟು, ಉಳಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿದೆ.

ಆಮೇಲೆ ಎರಡು ಡಬ್ಬಿ ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್, ಎರಡು ಕೋಟು. ಮನೆಯ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಸಾಕಲ್ಲ ಎಂದು ಅಂಗಡಿಯವರು ಕೇಳಿದರು. ಗೇಟನ್ನು ವರ್ಷ ಬಿಟ್ಟು ವರ್ಷ ಮತ್ತೆ ಕೆರೆದು ಬಳಿಯಬಹುದು, ಕಾರಿನ ನೆಲಕ್ಕೆ ಆ ಅವಕಾಶ ಇಲ್ಲ. ಬೆಸುಗೆಯ ಬಿಸಿಗೆ ಅಡಿಭಾಗದ ಬಣ್ಣವೂ ಸುಟ್ಟಿರುತ್ತದೆ. ಅದನ್ನು ಮರೆಯದೆ ಕೆಳಗೆ ಮಲಗಿ ಅಲ್ಲೂ ಬಳಿದೆ. ತಗಡು ಸೇರುವ ಗೆರೆಗಳಿಗೆ ಪಾಲಿಯುರೆಥೇನ್ ಸೀಲಂಟ್, ಮೇಲೆ ಬಣ್ಣ. ಹೊರಗಿನ ಅಡಿಗೆ ಅಂಡರ್‌ಬಾಡಿ ಕೋಟಿಂಗನ್ನು ಆಚಾರ್ರೇ ಹೊಡೆದರು. ಅದಕ್ಕೆ ಮೊದಲು ನೀರು ಹೋಗುವ ಪ್ರತಿಯೊಂದು ತೂತಿಗೂ ಕಾಗದದ ಬಿರಡೆ ಹಾಕಿ, ಆಮೇಲೆ ಎಣಿಸಿ ತೆಗೆದರು. ಸಾಮಾನಿಗೆ ಒಟ್ಟು 4,000 ಚಿಲ್ಲರೆ ಆಯಿತು.

ವಿನೈಲ್ ಮ್ಯಾಟಿಂಗನ್ನು ಮತ್ತೆ ಹಾಕಲಿಲ್ಲ. ನಾಲ್ಕು ಬಿಡಿ ರಬ್ಬರ್ ಮ್ಯಾಟು ಇದೆ, ಅದರಡಿ ಪೇಪರ್. ಶನಿವಾರ ಸಂಜೆ ಬದಲಿಸುವ ಕೆಲಸ ಅಪ್ಪಯ್ಯ ತಾವೇ ವಹಿಸಿಕೊಂಡಿದ್ದಾರೆ. ಕಾರು ಓಡಿಸಲು ಕಣ್ಣು ಸಾಲದಿದ್ದರೂ ಬೆರಳಿನಿಂದ ಒತ್ತಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಕಾರಿನ ಸದ್ದು ಮೊದಲಿಗಿಂತ ಸ್ವಲ್ಪ ಹೆಚ್ಚು ಕೇಳುತ್ತದೆ. ಮೀನು ತರುವುದಕ್ಕೆ ಮುಚ್ಚಳವಿರುವ ಒಂದು ಪೈಂಟ್ ಬಕೆಟ್ ಡಿಕ್ಕಿಯಲ್ಲಿ ಖಾಯಂ ಇದೆ.

2024ರಲ್ಲಿ ಎಫ್‌ಸಿ ಮಾಡಿಸಬೇಕಿತ್ತು. 15 ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ಪರೀಕ್ಷಿಸಿದವರು ಮ್ಯಾಟು ಎತ್ತಿ ನೋಡಿದರು. ಬೆಸುಗೆಯ ಗೆರೆಯನ್ನು ನಾನೇ ತೋರಿಸಿದೆ. ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಿ ಸಹಿ ಹಾಕಿದರು.

ಆ ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಂದ ರಾತ್ರಿ ಮ್ಯಾಟು, ಪೇಪರ್ ಎಲ್ಲ ತೆಗೆದು ನೆಲಕ್ಕೆ ಮತ್ತೆ ಸೀಮೆಸುಣ್ಣದ ಪುಡಿ ತಟ್ಟಿ ಮಲಗಿದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದಾಗ ಎರಡೂ ಬಾಗಿಲಿನ ಬದಿ ಒಣಗಿತ್ತು, ಎಡಗಡೆಯ ಹೊಸ ತಗಡಿನ ಮೇಲೆ ಪುಡಿ ಹಾಕಿದ ಹಾಗೇ ಇತ್ತು. ಬಲಗಡೆ, ಆಕ್ಸಿಲರೇಟರ್ ಕೇಬಲ್ ಒಳಗೆ ಬರುವ ತೂತಿನಿಂದ ದಾರದಷ್ಟು ಸಣ್ಣ ಗೆರೆಯೊಂದು ಇಳಿದಿತ್ತು. ರಬ್ಬರ್ ಬಿರಡೆ ಒಣಗಿ ಬಿರುಕು ಬಿಟ್ಟಿರಬೇಕು. ಫೋಟೋ ತೆಗೆದು ಆಚಾರ್ರಿಗೆ ಕಳುಹಿಸಿದೆ. "ಐತ್ವಾರ ಬನ್ನಿ, ಬರುದ್ರೊಳ್ಗೆ ಅಲ್ ಒಂದ್ ಬಟ್ಟೆ ತುರ್ಕಿ ಇಡಿ" ಎಂದರು. ಹಳೇ ಪಂಚೆಯ ತುಂಡು ಹರಿದು ತುರುಕಿ, ಅದರಡಿ ಒಂದು ಪೇಪರ್ ಹಾಸಿ ಕಾಲೇಜಿಗೆ ಹೊರಟೆ.